ಎಡಗಿವಿಯ ಕೆಳಗೆ ಎರಡು ಗಂಟು

ಕಾಸಿಲ್ದಾಳ ಕೈ ತಾನಾಗಿಯೇ ಗೋಡೆಯ ಮೊಳೆಯ ಕಡೆಗೆ ಹೋಯಿತು, ಬೆರಳಿಗೆ ಸಿಕ್ಕಿದ್ದು ಬರಿಯ ಮೊಳೆ, ಟವೆಲ್ಲು ಇಲ್ಲ, ಹೆಂಚಿನಿಂದ ಇಳಿಸಿದ ಜೋಳದ ರೊಟ್ಟಿ ಬುಟ್ಟಿಯಲ್ಲಿ ಆರುತ್ತಿದೆ, ಮುಚ್ಚದಿದ್ದರೆ ಕಾಫಿ ಬಿಡಿಸಲು ಹೋದವರು ಊಟಕ್ಕೆ ಬರುವ ಹೊತ್ತಿಗೆ ಚಪ್ಪಲಿಯ ಅಟ್ಟೆಯಾಗಿರುತ್ತದೆ, ಎಲ್ಲಿ ಹೋಯಿತು ಆ ನೀಲಿ ಟವೆಲ್ಲು, ಬೆಳಿಗ್ಗೆ ಇಲ್ಲೇ ಇತ್ತು — ಹೌದಲ್ಲ, ಮಾರ್ಲಿಸ್‌ಗೆ ಕಟ್ಟಿ ಕಳಿಸಿದ್ದು, ಜೀಪಿನ ಮುಂದಿನ ಸೀಟಿನಲ್ಲಿ ಕೂತು ಕೆಮ್ಮುತ್ತಿದ್ದಳು ಪಾಪ, ಬಿಸಿಲಿಗೆ ಕುತ್ತಿಗೆ ಸುಲಿದು ಕೆಂಪಾಗಿತ್ತು, ಮಳೆಗಾಲ ಕಳೆದ ಮೇಲೆ ಆ ರಸ್ತೆಯ ಧೂಳೋ ದೇವರಿಗೇ ಪ್ರೀತಿ, ಬಾ ಇಲ್ಲಿ ಮಗಳೇ, ತಲೆ ಬಗ್ಗಿಸು, ಹೀಗೇ ಹೋದ್ರೆ ಪೇಟೆ ಮುಟ್ಟೋ ಹೊತ್ತಿಗೆ ಸುಟ್ಟ ಗೆಣಸಾಗಿರ್ತೀಯ, ಎಂದು ತಲೆಯ ತುಂಬ ಸುತ್ತಿ, ಎಡಗಿವಿಯ ಕೆಳಗೆ ಗಂಟು ಹಾಕಿ, ಗಾಳಿಗೆ ಬಿಚ್ಚಬಾರದೆಂದು ಅದರ ಮೇಲೊಂದು ಗಂಟು, ಹೊರಗೆ ಇಣುಕಿದ ಒಂದೆಳೆ ಹಳದಿ ಕೂದಲನ್ನೂ ಬೆರಳಿನಿಂದ ಒಳಗೆ ತುರುಕಿ — ಹಳದಿ ಕೂದಲು. ಹೆಂಚಿನ ಮೇಲಿನ ರೊಟ್ಟಿ ಉಬ್ಬಿತು, ಕಪ್ಪಾಯಿತು, ಅವಳು ತಿರುವಿ ಹಾಕಲಿಲ್ಲ.

ಅಯ್ಯೋ ಈ ಕೈ ಸೇದಿಹೋಗ, ಮುಚ್ಚಬಾರದ್ದನ್ನೇ ಮುಚ್ಚಿತಲ್ಲ, ಇಡೀ ಕಣಿವೆಗೆ ಗೊತ್ತಿರುವ ಮಾತು, ಪೇಟೆಗೆ ಹೋಗುವ ಗಾಡಿಯ ಮುಂದಿನ ಸೀಟಿನಲ್ಲಿ ಅಮೆರಿಕದಿಂದ ಬಂದವರೊಬ್ಬರು ಬರಿದಲೆಯಲ್ಲಿ ಕೂರಬೇಕು, ಗುಡ್ಡದ ಮೇಲಿನವರಿಗೆ ಕಾಣುವ ಹಾಗೆ ಕೂರಬೇಕು, ಇಲ್ಲದಿದ್ದರೆ ಗಾಡಿ ಹೊರಡುವುದಿಲ್ಲ, ಗುಡ್ಡದಲ್ಲಿ ಕಾದು ಕೂತ ಕಾಂಟ್ರಾ ಬಂಡುಕೋರರ ಬಂದೂಕು ಅಮೆರಿಕದ್ದು, ಬೂಟು ಅಮೆರಿಕದ್ದು, ತಿಂದು ಬಿಸಾಕಿದ ಮಾಂಸದ ಡಬ್ಬಿಯೂ ಅಲ್ಲಿಯದೇ, ಅಲ್ಲಿಯ ಹುಡುಗಿಗೇ ಗುಂಡು ತಗುಲಿದರೆ ಅಲ್ಲಿ ಬೊಬ್ಬೆ ಏಳುತ್ತದೆ, ಕೊಡುವ ಕೈ ಹಿಂದೆಗೆಯುತ್ತದೆ, ಅದಕ್ಕೇ ಹಳದಿ ತಲೆ ಕಂಡರೆ ಬಂದೂಕು ಕೆಳಗಿಳಿಯುತ್ತದೆ, ಜೀಪು ಓಡಿಸುವ ಚೆಂತೊ ಹೇಳುತ್ತಿರುತ್ತಾನೆ, ನನ್ ಗಾಡಿ ಬ್ರೇಕ್ ಇಲ್ದೆ ಬೇಕಾದ್ರೂ ಹೋಗತ್ತೆ, ಇವಳ ತಲೆ ಇಲ್ದೆ ಹೋಗಲ್ಲ ನೋಡಿ, ಎಲ್ಲರೂ ನಗುತ್ತಾರೆ, ಮಾರ್ಲಿಸ್ ಅರ್ಥವಾಗುವುದಕ್ಕೆ ಮುಂಚೆಯೇ ನಗುತ್ತಾಳೆ. ಹಾಗಿದ್ದವನು ಇವತ್ತು ಯಾಕೆ ನೋಡಲಿಲ್ಲ, ಟೈರಿನ ಹತ್ತಿರ ಬಗ್ಗಿದ್ದ, ಆಮೇಲೆ ಬಸುರಿ ಮಗಳು ಮಿರ್ತಾ ಕೂಗಿದಳು, ಮಿರ್ತಾ ಹಾಗೆ ಕೂಗಿದ ಮೇಲೆ ಯಾರು ಯಾರ ತಲೆ ನೋಡುತ್ತಾರೆ, ನಿನ್ನೆಯಿಂದ ನೋವು ತಿಂದು ಮಗಳ ತುಟಿ ಬೂದಿಯಾಗಿದೆ, ಸೂಲಗಿತ್ತಿ ತೊಮಾಸಾ ಹೊಟ್ಟೆಯ ಮೇಲೆ ಕೈಯಿಟ್ಟು ಒತ್ತಿ ನೋಡಿ, ಅಡ್ಡ ಮಲಗಿದೆ ಕಾಸಿಲ್ದಾ, ತಿರುಗ್ತಾ ಇಲ್ಲ, ನನ್ ಕೈಲಿ ಆಗಲ್ಲ ಇದು, ಆಸ್ಪತ್ರೆಗೆ ಹಾಕು, ಎಂದಳು, ಜೀಪಿನ ಹಿಂದೆ ಮಗಳು ಉದ್ದಕ್ಕೆ ಮಲಗಬೇಕು, ಅವಳ ಕಾಲ ಬಳಿ ತೊಮಾಸಾ ಕೂರಬೇಕು, ಇನ್ನೊಂದು ಮೈಗೆ ಜಾಗ ಎಲ್ಲಿದೆ, ನೀನಿರು ಅಮ್ಮಾ, ನೀನು ಬಂದ್ರೆ ನಾನು ಅಳ್ತೀನಿ, ಎಂದಳು ಮಿರ್ತಾ, ಅಳಬಾರದೆಂದು ತಾಯಿ ಹಿಂದೆ ಉಳಿದಳು, ಉಳಿದು ರೊಟ್ಟಿ ಬಡಿದಳು, ಒಂದು ಬುಟ್ಟಿ ತುಂಬುವವರೆಗೂ ಬಡಿದಳು, ಅಷ್ಟು ಹೊತ್ತು ಗಾಡಿ ಹೋಗಿದೆ, ಮುಂದಿನ ಸೀಟಿನಲ್ಲಿ ನೀಲಿ ಟವೆಲ್ಲು ಕಟ್ಟಿಕೊಂಡು ಯಾರೋ ಕೂತಿದ್ದಾರೆ, ಈ ಕಡೆಯವಳೇ ಯಾರೋ ಒಬ್ಬಳು, ಇಲ್ಲಿಯ ಹೆಂಗಸರೆಲ್ಲ ಹಾಗೇ ಕಟ್ಟುವುದು, ಇಲ್ಲಿಯ ಹೆಂಗಸರನ್ನು ಹೊಡೆದರೆ ಯಾವ ದೇಶದಲ್ಲೂ ಬೊಬ್ಬೆ ಏಳುವುದಿಲ್ಲ.

ಒಲೆಯ ಕೊಳ್ಳಿ ಹಿಂದಕ್ಕೆಳೆದಳೋ ಇಲ್ಲವೋ, ಅವಳು ಆಗಲೇ ಹಿತ್ತಿಲು ದಾಟಿದ್ದಾಳೆ, ಚೆಂತೊ ಹಳ್ಳದ ಹತ್ತಿರ ನಿಲ್ಲಿಸಿಯೇ ನಿಲ್ಲಿಸುತ್ತಾನೆ, ಆ ಜೀಪಿನ ಬಾಯಿಗೆ ನೀರು ಹೊಯ್ಯದಿದ್ದರೆ ಹೊಗೆ ಕಾರುತ್ತದೆ, ನೀರು ಹೊಯ್ದು, ಗಾಡಿಗೆ ನಾಲ್ಕು ಬೈದು, ಬೇಲಿಯ ಮರೆಗೆ ಹೋಗಿ ಬಂದು ಆಮೇಲೆ ಹೊರಡುವುದು, ಹಳ್ಳದಿಂದ ರಸ್ತೆ ಗುಡ್ಡವನ್ನು ಪೂರ್ತಿ ಸುತ್ತಿ ಸೆಯ್ಬಾ ಮರದ ತಿರುವಿಗೆ ಬರುತ್ತದೆ, ಹೇಸರಗತ್ತೆಯ ಹಾದಿ ಹಿಡಿದರೆ ನೇರ ಇಳಿಯಬಹುದು, ಆದರೆ ಆ ಹಾದಿ ಮುಚ್ಚಿದ್ದಾರೆ, ನೆಲಬಾಂಬು ಹೂತಿದ್ದಾರೆ, ಅವರು ಹೂತರೋ ನಮ್ಮ ಪಹರೆಯವರೇ ಹೂತರೋ ಯಾರೂ ಬಾಯಿ ಬಿಡುವುದಿಲ್ಲ, ಪಕ್ಕದ ಮನೆಯ ಹಸು ಅಲ್ಲೇ ಹೋಯಿತು, ಕೊಂಬು ಮರದಲ್ಲಿ ಸಿಕ್ಕಿಕೊಂಡಿತ್ತು — ಮುಳ್ಳುತಂತಿ ಎತ್ತಿ ನುಸುಳಿದಳು, ಲಂಗ ಹರಿಯಿತು, ಹರಿಯಲಿ, ಕಲ್ಲಿಂದ ಕಲ್ಲಿಗೆ ಕಾಲಿಡು, ಕಲ್ಲಿನ ಅಡಿಯಲ್ಲಿ ಹೂಳುವುದಿಲ್ಲ, ಮೆದು ಮಣ್ಣು ಮುಟ್ಟಬೇಡ, ಕಾಸಿಲ್ದಾ, ಹೊಸ ಮಣ್ಣು ಕಂಡರೆ ಹಾರು, ಹಾರುವ ವಯಸ್ಸೇ ಇದು, ಮೊಣಕಾಲು ಕಟಕ್ಕೆಂದಿತು, ಕಾಫಿ ಗಿಡದ ಕೊಂಬೆ ಮುಖಕ್ಕೆ ಹೊಡೆಯಿತು, ಕೆಂಪು ಹಣ್ಣು ಕಾಲಡಿಯಲ್ಲಿ ಪಚಕ್ಕೆಂದಾಗಲೆಲ್ಲ ಜೀವ ಬಾಯಿಗೆ ಬಂದು ಮತ್ತೆ ಇಳಿಯುತ್ತದೆ, ಇನ್ನೂ ಇದ್ದೀನಿ, ಇನ್ನೂ ಇದ್ದೀನಿ.

ಅವಳ ಗಂಡ ಅಬೆಲಿನೊ ಹೋದದ್ದೂ ಆ ತಿರುವಿನಲ್ಲೇ, ಹಿಂದಿನ ಸುಗ್ಗಿಯಲ್ಲಿ, ಉಪ್ಪು ಮತ್ತು ತಗಡಿನ ಶೀಟು ತರುತ್ತೇನೆಂದು ಸಹಕಾರ ಸಂಘದ ಲಾರಿ ಹತ್ತಿದ, ಆ ಲಾರಿಯಲ್ಲಿ ಎಲ್ಲರದೂ ಕಪ್ಪು ತಲೆ, ತಗಡಿನ ಶೀಟು ಮಾತ್ರ ತೂತು ತೂತಾಗಿ ವಾಪಸು ಬಂತು, ಅದನ್ನೇ ಅಡುಗೆಮನೆಗೆ ಹೊದಿಸಿದ್ದಾರೆ, ಬಿಸಿಲು ಬಂದರೆ ರೊಟ್ಟಿ ಹಿಟ್ಟಿನ ಮೇಲೆ ಬೆಳಕಿನ ಚುಕ್ಕಿ ಬೀಳುತ್ತದೆ, ಅವಳು ಗಂಡನನ್ನು ನೆನೆಯುವುದು ಹಿಟ್ಟು ನಾದುವಾಗಲೇ. ಮಾರ್ಲಿಸ್ ಆ ಚುಕ್ಕಿಗಳನ್ನು ಕಂಡು, ಚಂದ ಇದಾನೆ, ಎಂದಿದ್ದಳು, ಅವಳಿಗೆ ಭಾಷೆಯಲ್ಲಿ ಗಂಡು ಹೆಣ್ಣು ಒಂದೂ ಸರಿಹೋಗುವುದಿಲ್ಲ, ಆಮೇಲೆ ಯಾರೋ ಹೇಳಿದ್ದಾರೆ ತೂತು ಹೇಗಾಯಿತೆಂದು, ಓಡಿ ಬಂದು ಕಾಸಿಲ್ದಾಳ ಎರಡೂ ಕೈ ಹಿಡಿದುಕೊಂಡು, ಹಿಟ್ಟಿನ ಕೈಯನ್ನೇ ಹಿಡಿದುಕೊಂಡು, ಅಮ್ಮಾ, ಆ ಗುಂಡು ನಮ್ ದುಡ್ಡು, ನನ್ ಅಪ್ಪಂದು, ನಂದು, ತೆರಿಗೆ, ಎಂದು ಮೂಗು ಸೊರಸೊರ ಮಾಡಿದಳು, ಕಾಸಿಲ್ದಾಳಿಗೆ ಒಂದು ಕ್ಷಣ ಅವಳ ಕೆನ್ನೆಗೆ ಬಾರಿಸಬೇಕೆನಿಸಿತ್ತು, ಅದೂ ನಿಜ, ಬಾರಿಸಲಿಲ್ಲ, ಅಳ್ಬೇಡ ಹುಡುಗಿ, ಹಿಟ್ಟು ಉಪ್ಪಾಗತ್ತೆ, ಎಂದಳು. ಅವತ್ತಿಂದ ಮಾರ್ಲಿಸ್ ಅಡುಗೆಮನೆಯಲ್ಲೇ ಬೀಡುಬಿಟ್ಟಳು, ಸೊಟ್ಟ ಸೊಟ್ಟ ರೊಟ್ಟಿ ಬಡಿದಳು, ಮಿರ್ತಾ ಹೊಟ್ಟೆ ಹಿಡಿದುಕೊಂಡು ನಕ್ಕಳು, ಇದೇನು ನಿಮ್ಮ ದೇಶದ ನಕ್ಷೇನಾ, ನಮ್ ದೇಶಾನೂ ನುಂಗಿಬಿಟ್ಟಿದೆ ನೋಡು, ಅವಳೂ ನಕ್ಕಳು, ನಗುತ್ತಲೇ ಹೇಳಿದಳು, ವಿಸ್ಕಾನ್ಸಿನ್‌ನಲ್ಲಿ ಹಿಮದಲ್ಲಿ ನಿಂತು ಫಲಕ ಹಿಡಿದಿದ್ದಾಳಂತೆ, ನಿಕರಾಗುವಾವನ್ನು ಅದರ ಪಾಡಿಗೆ ಬಿಡಿ ಎಂದು, ವಾರ ವಾರ ನಿಂತರೂ ಯಾರೂ ತಿರುಗಿ ನೋಡಲಿಲ್ಲವಂತೆ, ಇಲ್ಲಿ ಸುಮ್ನೆ ಕೂತ್ರೆ ಸಾಕು ಅಮ್ಮಾ, ಕೆಲಸ ಆಗತ್ತೆ, ನಾನು ಕೂರ್ತಾನೆ ಮುಂದೆ, ಯಾವಾಗ್ಲೂ ನಾನೇ ಕೂರ್ತಾನೆ. ಹೆತ್ತವಳಿಗೆ ಮೆಕ್ಸಿಕೊದಲ್ಲಿ ಕಸೂತಿ ಕಲಿಯುತ್ತಿದ್ದೇನೆಂದು ಸುಳ್ಳು ಹೇಳಿ ಬಂದಿದ್ದಾಳೆ, ಆ ತಾಯಿ ಈಗ ಎಲ್ಲೋ ಹಿಮದಲ್ಲಿ ಬೆಚ್ಚಗೆ ಕೂತು ಮಗಳು ಸೂಜಿಗೆ ದಾರ ಪೋಣಿಸುತ್ತಿದ್ದಾಳೆಂದು ತಿಳಿದಿದ್ದಾಳೆ, ಇಲ್ಲಿ ಇನ್ನೊಬ್ಬ ತಾಯಿ ಅವಳ ಕೂದಲನ್ನು ಮುಚ್ಚಿ ಎರಡು ಗಂಟು ಹಾಕಿ ಕಳಿಸಿದ್ದಾಳೆ, ಬಿಸಿಲು ತಾಗಬಾರದಂತೆ, ಬಿಸಿಲು! ಗೊತ್ತಿರಲಿಲ್ಲವೇ ಆ ಹುಡುಗಿಗೂ, ಗೊತ್ತಿತ್ತು, ಕಣ್ಣೆತ್ತಿ ಒಂದು ಸಲ ನೋಡಿದಳಲ್ಲ, ಏನೋ ಹೇಳಲು ಬಾಯಿ ತೆರೆದಳು, ಕಾಸಿಲ್ದಾಳೇ ಗದರಿದಳು, ಸುಮ್ನಿರೇ, ಅಮ್ಮ ಅಂತೀಯ, ಅಮ್ಮ ಕಟ್ಟಿದ್ದನ್ನ ಕಟ್ಕೋ, ಆಗ ಅವಳು ತೆರೆದ ಬಾಯಿ ಮುಚ್ಚಿದಳು, ಏನು ಕೊಟ್ಟರೂ ಬೇಡವೆನ್ನಲು ಬಾರದ ಹುಡುಗಿ, ಹುಳಿ ಹಿಡಿದ ಹುರುಳಿಕಾಯಿಯನ್ನೂ ಚಪ್ಪರಿಸಿ ತಿಂದವಳು.

ಮಣ್ಣು, ಹೊಸ ಮಣ್ಣು, ಹಾರಿದಳು, ಬಿದ್ದಳು, ಅಂಗೈ ಸುಲಿಯಿತು, ಸ್ಫೋಟವಿಲ್ಲ, ಇಲಿಯ ಬಿಲ, ಥೂ ನಿನ್ನ, ಏಳು, ಎಲ್ಲಿಯೋ ಜೀಪಿನ ಸದ್ದು, ಹಳ್ಳ ಬಿಟ್ಟಾಗಿದೆ, ಗುಡ್ಡದ ಆ ಬದಿಯಲ್ಲಿ ಗೊರಗೊರ ಎನ್ನುತ್ತ ಬರುತ್ತಿದೆ, ಹಳ್ಳ ದಾಟಿದ ಮೇಲೆ ಚೆಂತೊ ಯಾರಿಗೂ ನಿಲ್ಲಿಸುವುದಿಲ್ಲ, ರಸ್ತೆಗೆ ಅಡ್ಡ ನನ್ನ ತಾಯೇ ಬಂದ್ರೂ ನಿಲ್ಲಿಸಲ್ಲ, ತಾಯಿ ಹಿಂದೆ ಯಾವನು ಬಂದೂಕು ಹಿಡ್ಕೊಂಡಿದಾನೆ ಅಂತ ಯಾರಿಗ್ಗೊತ್ತು, ಎನ್ನುತ್ತಾನೆ, ಒಳ್ಳೆಯ ಮಾತೇ, ಅವನ ಆ ಮಾತಿಗೆ ಅವಳೇ ಎಷ್ಟು ಸಲ ತಲೆಯಾಡಿಸಿದ್ದಾಳೆ. ನಿಲ್ಲಿಸದಿದ್ದರೆ ಬೇಡ, ಆ ಗಂಟು ಬಿಚ್ಚಿದರೆ ಸಾಕು, ಮಾತೆ ಮರಿಯಾ, ಬೇರೇನೂ ಕೇಳುವುದಿಲ್ಲ, ಮಗು ಗಂಡಾಗಲಿ ಹೆಣ್ಣಾಗಲಿ ಅಡ್ಡವೇ ಬರಲಿ, ಟವೆಲ್ಲೊಂದು ಗಾಳಿಗೆ ಹಾರಿಹೋಗಲಿ — ಹಾರುವುದು ಹೇಗೆ, ಗಾಳಿಗೆ ಹಾರಬಾರದೆಂದೇ ಎರಡನೆಯ ಗಂಟು ಹಾಕಿದ್ದು. ಗಿಡಗಳು ಮುಗಿದವು, ಬೆಳಕು ಕಣ್ಣಿಗೆ ಹೊಡೆಯಿತು, ಕಾಲ ಮುಂದೆ ನೆಲವಿಲ್ಲ, ರಸ್ತೆ ಅಗೆದ ದಿಬ್ಬ, ಕೆಳಗೆ ರಸ್ತೆ, ಅಲ್ಲಿ ಎಡಕ್ಕೆ ಸೆಯ್ಬಾ ಮರ, ಇಲ್ಲಿ ಬಲಕ್ಕೆ ಧೂಳು, ಧೂಳಿನಲ್ಲಿ ಜೀಪು, ಜೀಪಿನ ಮುಂದೆ ನೀಲಿ.

ಬಿಚ್ಚೇ, ಬಿಚ್ಚೇ ಅದನ್ನ, ಎಂದು ಕೂಗಿದಳು, ತನ್ನ ಕೂಗು ತನಗೇ ಕೇಳಲಿಲ್ಲ, ಚೆಂತೊ ರಸ್ತೆಯಿಂದ ಕಣ್ಣು ಕೀಳದೆ ಆಕ್ಸಿಲರೇಟರ್ ಇನ್ನಷ್ಟು ಜೋರಾಗಿ ಒತ್ತಿದ, ಇಲ್ಲಿ ಎಲ್ಲರೂ ಜೋರಾಗಿಯೇ ಒತ್ತುವುದು, ಅವಳು ತನ್ನ ತುರುಬಿಗೆ ಕೈ ಹಾಕಿ ಬಾಚಣಿಗೆ ಕಿತ್ತೆಸೆದಳು, ಕೂದಲು ಹರಡಿಕೊಂಡಿತು, ಎರಡೂ ಕೈಯಿಂದ ಎತ್ತಿ ಎತ್ತಿ ತೋರಿಸಿದಳು, ಕೂದಲು, ಕೂದಲು, ಹೀಗೆ, ಹುಚ್ಚಿಯ ಹಾಗೆ ತಲೆ ಕೊಡವಿದಳು, ಮಾರ್ಲಿಸ್ ತಲೆಯೆತ್ತಿದಳು, ಕಂಡಳು, ಕಂಡಳಲ್ಲ, ಮುಖ ಅರಳಿತು, ಹಿಂದಕ್ಕೆ ತಿರುಗಿ ಏನೋ ಹೇಳಿದಳು, ನಿನ್ ಅಮ್ಮ ಬಂದಿದಾನೆ ಎಂದಿರಬೇಕು, ಹಿಂದಿನಿಂದ ಒಂದು ಕೈ ಮೇಲೆದ್ದಿತು, ಮಿರ್ತಾಳ ಕೈ, ಬೆರಳು ಅಗಲಿಸಿದ ಬರಿಯ ಕೈ, ಮಗಳು ಮಲಗಿದಲ್ಲಿಂದಲೇ ತಾಯಿಗೆ ಕೈಬೀಸಿದಳು, ಮಾರ್ಲಿಸ್ ಕೈ ಎತ್ತಿ ತನ್ನ ತಲೆಗೆ ಮುಟ್ಟಿಸಿದಳು, ಹ್ಞಾ ಅದೇ, ಅದನ್ನೇ, ಬಿಚ್ಚು ನನ್ನ ತಾಯಿ — ಅವಳು ಟವೆಲ್ಲನ್ನು ಹಣೆಯವರೆಗೆ ಎಳೆದುಕೊಂಡಳು, ಇದೆ ಅಮ್ಮಾ, ಇದೆ ನೋಡು, ಎನ್ನುವ ಹಾಗೆ ನಕ್ಕಳು, ಎಡಗಿವಿಯ ಕೆಳಗಿನ ಗಂಟಿನ ಎರಡು ತುದಿ ಹಿಡಿದು ಬಿಗಿಮಾಡಿದಳು. ಜೀಪು ತಿರುವಿಗೆ ಹೋಯಿತು, ಸೆಯ್ಬಾ ಮರದ ಹಿಂದೆ ಮರೆಯಾಯಿತು, ಧೂಳು ಉಳಿಯಿತು, ಸದ್ದು ಇದೆ, ಇನ್ನೂ ಇದೆ, ಮರದಿಂದ ಹಕ್ಕಿಗಳು ಒಟ್ಟಿಗೆ ಎದ್ದವು, ಗಾಡಿಯ ಸದ್ದಿಗೆ ಎದ್ದವು, ಗಾಡಿಯ ಸದ್ದಿಗೆ ಹಕ್ಕಿ ಏಳುವುದಿಲ್ಲವೇ, ಸದ್ದು ಇದೆ, ಇದೆಯಲ್ಲ, ಗುಡ್ಡ ಅಡ್ಡ ಬಂದರೆ ಸದ್ದು ನಿಲ್ಲುತ್ತದೆ, ಯಾವಾಗಲೂ ಅಲ್ಲಿ ನಿಲ್ಲುತ್ತದೆ, ಗುಡ್ಡವೇ ಇರಬೇಕು, ಅವಳು ಕೂದಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೇ ನಿಂತಿದ್ದಾಳೆ, ನೀಲಿ ಟವೆಲ್ಲು, ಎಡಗಿವಿಯ ಕೆಳಗೆ ಒಂದು ಗಂಟು, ಅದರ ಮೇಲೊಂದು ಗಂಟು, ಅದನ್ನು ಬಿಗಿಮಾಡಿದ ಎರಡು ಬೆರಳು, ನೀಲಿ ಟವೆಲ್ಲು, ಒಂದು ಗಂಟು, ಅದರ ಮೇಲೊಂದು