ದೀಪದ ಕಂಬದ ಪಕ್ಕದ ಬೆಂಚು

ಗುಂಡಿಯ ಅಂಚಿನಲ್ಲಿ ಬಗ್ಗಿ ತೆಗೆದುಕೊಂಡ ಮಣ್ಣನ್ನು ಒರೆಸ್ಟ್ ಕೆಳಗೆ ಬಿಡಲಿಲ್ಲ. ಮುಷ್ಟಿಯಲ್ಲಿಟ್ಟು ಹಿಸುಕಿದ, ಬೆರಳು ಬಿಚ್ಚಿದ, ಕಟ್ಟಿಕೊಂಡ ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಉಂಡೆ ನಿಧಾನವಾಗಿ ಬಿರಿಯಿತು. ಮೇಲೆ ಒಣಗಿದ್ದರೂ ಒಳಗೆ ಹದ ಇದೆ, ಹಿಮ ಬೀಳುವ ಮುಂಚೆ ಇನ್ನೊಂದು ಮಳೆ ಬಂದರೆ ಮುಂದಿನ ಬಿತ್ತನೆಗೆ ಯೋಚನೆಯಿಲ್ಲ ಎಂದು ಅವನ ತಲೆ ತಾನೇ ತಾನಾಗಿ ಹೇಳಿತು. ಎಲ್ಲಿ ನಿಂತಿದ್ದೇನೆ ಎಂಬುದು ಆಮೇಲೆ ನೆನಪಾಯಿತು. ಪಾದ್ರಿಗಳು ಪುಸ್ತಕ ಮುಚ್ಚಿ ಕಾಯುತ್ತಿದ್ದರು. ಮಗಳು ಲೆಸ್ಯಾ ಅವನ ಮೊಣಕೈ ಮುಟ್ಟಿದಳು.

"ಬಿಡಪ್ಪ," ಎಂದಳು.

ಬಿಟ್ಟ. ಹೆಂಡತಿ ಸ್ಟೆಫಾಳ ಶವಪೆಟ್ಟಿಗೆಯ ಮೇಲೆ ಮಣ್ಣು ಬಿದ್ದ ಸದ್ದು ತಗಡಿನ ಕಣಜಕ್ಕೆ ಮೊದಲ ಗೋಧಿ ಸುರಿದ ಹಾಗೆ ಕೇಳಿಸಿತು.

ನಾಲ್ಕು ದಿನದ ಹಿಂದೆ ಅವಳು ಹಿತ್ತಲಿನಲ್ಲಿ ಕೊನೆಯ ಸಾಲಿನ ಕ್ಯಾರೆಟ್ ಕೀಳುತ್ತಿದ್ದಳು. ಊಟದ ಹೊತ್ತಾದರೂ ಒಳಗೆ ಬರಲಿಲ್ಲವೆಂದು ಒರೆಸ್ಟ್ ಹೋಗಿ ನೋಡಿದರೆ ಬುಟ್ಟಿಗೆ ತಲೆ ಆನಿಸಿಕೊಂಡು ಮಲಗಿದ್ದಳು, ದಣಿವಾರಿಸಿಕೊಳ್ಳುವವಳಂತೆ. ಸ್ಟೆಫಾ ಹಗಲು ಹೊತ್ತಿನಲ್ಲಿ ಮಲಗಿದ್ದನ್ನು ಅವನು ಅದುವರೆಗೆ ಕಂಡಿರಲಿಲ್ಲ. ಅದರಿಂದಲೇ ಅವನಿಗೆ ಗೊತ್ತಾಗಿಹೋಯಿತು.

ಚರ್ಚಿನ ನೆಲಮಾಳಿಗೆಯ ಊಟದ ಹಾಲ್‌ನಲ್ಲಿ ಹೆಂಗಸರು ಬಡಿಸಲು ಕಾಯುತ್ತಿದ್ದರು. ಮೊದಲು ಎಲ್ಲರಿಗೂ ಒಂದೊಂದು ಚಮಚ ಬೇಯಿಸಿದ ಗೋಧಿ, ಜೇನು ಗಸಗಸೆ ಹಾಕಿದ್ದು, ಸತ್ತವರ ಹೆಸರಿನಲ್ಲಿ. ಆಮೇಲೆ ಕೋಸಿನೆಲೆಯ ಸುರುಳಿ, ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಸುರಿದ ಆಲೂಗಡ್ಡೆಯ ಕಡುಬು. ಕಡುಬಿನ ಅಂಚನ್ನು ನೋಡಿದರೆ ಯಾರ ಕೈಯದೆಂದು ಹೇಳಬಹುದಿತ್ತು. ಈ ಕಡುಬುಗಳನ್ನು ಹದಿನೈದು ದಿನದ ಕೆಳಗೆ ಊರಿನ ಹೆಂಗಸರು ಇಲ್ಲೇ ಒಳಗಿನ ಅಡುಗೆಮನೆಯಲ್ಲಿ ಕೂತು ಮಾಡಿ, ಚಳಿಗಾಲಕ್ಕೆಂದು ಫ್ರೀಜರ್ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. ಒರೆಸ್ಟ್‌ನ ತಟ್ಟೆಯಲ್ಲಿದ್ದ ಎರಡರ ಅಂಚಿನಲ್ಲಿ ಸಣ್ಣ ಸಣ್ಣ ನಿರಿಗೆಗಳಿದ್ದವು. ಅವು ಸ್ಟೆಫಾಳವು. ಅವನು ಬೇರೆಯವನ್ನು ತಿಂದು ಅವೆರಡನ್ನು ತಟ್ಟೆಯ ಅಂಚಿಗೆ ಸರಿಸಿಟ್ಟ.

ಊಟವಾದ ಮೇಲೆ ಮನಸ್ಸಿದ್ದವರು ಎದ್ದು ಸತ್ತವರ ಬಗ್ಗೆ ನಾಲ್ಕು ಮಾತಾಡುವುದು ಅಲ್ಲಿನ ವಾಡಿಕೆ. ಎದುರು ಜಮೀನಿನ ವಾಲ್ಟರ್ ಮೊದಲು ಎದ್ದ. ಸ್ಟೆಫಾ ಕಾಳಿನ ಲಾರಿಯನ್ನು ಜೋರಾಗಿ ಓಡಿಸುತ್ತಿದ್ದ ಕಾಲದಲ್ಲಿ ತನ್ನ ಕೋಳಿಗಳೆಲ್ಲ ದೇವರ ಮೇಲೆ ಭಕ್ತಿ ಬೆಳೆಸಿಕೊಂಡಿದ್ದವು ಎಂದ. ನಗು ಎದ್ದಿತು. ಕೊಯ್ಲಿನ ಹೊತ್ತಿನಲ್ಲಿ ಅವಳು ಹೊಲಕ್ಕೆ ತರುತ್ತಿದ್ದ ಬಿಸಿ ಊಟದ ಬಗ್ಗೆ ಒಬ್ಬರು ಹೇಳಿದರು. ತಾನು ಮಗು ಕಳೆದುಕೊಂಡ ವರ್ಷ ಸ್ಟೆಫಾ ದಿನಾ ಬಂದು ಮಾತಿಲ್ಲದೆ ತನ್ನ ಮನೆಯ ಬಟ್ಟೆ ಒಗೆದು ಹೋಗುತ್ತಿದ್ದಳೆಂದು ಇನ್ನೊಬ್ಬಳು ಹೇಳಿ ಅಲ್ಲಿಗೇ ನಿಲ್ಲಿಸಿ ಕೂತಳು. ಒರೆಸ್ಟ್ ತಲೆ ಅಲ್ಲಾಡಿಸುತ್ತ ಕೇಳಿದ. ಬಟ್ಟೆಯ ವಿಷಯ ಅವನಿಗೆ ಗೊತ್ತಿರಲಿಲ್ಲ.

ಆಮೇಲೆ ವಾಲ್ಟರನ ಹೆಂಡತಿ ನೆಲ್ಲಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನಮ್ಮ ಸ್ಟೆಫಾ ಹಡಗು ಹತ್ತಿ ಅಲಾಸ್ಕಾ ನೋಡ್ಕೊಂಡು ಬಂದ್ಲಲ್ಲ, ಬಂದೋಳು ಹಿಮದ ಗುಡ್ಡದ ಮಾತೇ ಎತ್ತಲಿಲ್ಲ ಕಣ್ರೀ," ಎಂದಳು. "ತಿಮಿಂಗಿಲ ನೋಡಿದ್ಯೇನೇ ಅಂದ್ರೆ, ಹೂಂ, ಬಾಲ ನೋಡ್ದೆ ಅಂದ್ಲು. ಅಷ್ಟೇ. ಅವಳ ಬಾಯಲ್ಲಿ ಇದ್ದದ್ದೆಲ್ಲ ಹಡಗು ಇಳಿದ ಮೇಲೆ ವ್ಯಾಂಕೂವರಲ್ಲಿ ಉಳ್ಕೊಂಡ್ರಲ್ಲ, ಆ ಮೂರು ದಿನ. ಆರು ವರ್ಷದಿಂದ ಕಡುಬು ಮಾಡೋಕೆ ಕೂತಾಗೆಲ್ಲ ನಾವೇ ಕೇಳೋರು, ಹೇಳೇ ಸ್ಟೆಫಾ, ಆ ಬೆಂಚಿನ ಕತೆ ಹೇಳೇ ಅಂತ."

ಒರೆಸ್ಟ್ ಫೋರ್ಕನ್ನು ಕೆಳಗಿಟ್ಟ.

ನೆಲ್ಲಿ ಹೇಳುತ್ತ ಹೋದಳು. ಸಮುದ್ರದ ದಂಡೆಯ ಬೆಂಚು. ನೀರಿನ ಮೇಲೆ ಓಡಿ ಓಡಿ ಬಾತುಕೋಳಿಯ ಹಾಗೆ ಎದ್ದು ಹಾರುವ ಪುಟ್ಟ ವಿಮಾನಗಳು. ಬೆಳಿಗ್ಗೆ ಸಂಜೆ ಮೂರು ನಾಯಿ ಎಳೆದುಕೊಂಡು ಬರುತ್ತಿದ್ದ ಎತ್ತರದ ಮುದುಕ; ಅವನ ನೆತ್ತಿ ಬೋಳು, ಸುತ್ತ ಬಿಳಿಗೂದಲು, ಗೂಡಿನಲ್ಲಿ ಮೊಟ್ಟೆ ಇಟ್ಟ ಹಾಗೆ. ಅಡುಗೆಮನೆಯ ಹೆಂಗಸರೆಲ್ಲ ಆ ಮೊಟ್ಟೆಯ ಮಾತಿಗೆ ಒಟ್ಟಿಗೆ ನಕ್ಕರು, ಅವರಿಗೆಲ್ಲ ಬಾಯಿಪಾಠವಾಗಿತ್ತು.

"ಈ ಒರೆಸ್ಟ್ ಇದಾನಲ್ಲ, ಊರಲ್ಲಿ ಹೆಂಡ್ತಿ ಜೊತೆ ಅಂಚೆಮನೆ ತನಕ ನಡೆದೋನಲ್ಲ. ಅಲ್ಲಿ ಅವಳ ಕೈ ಹಿಡ್ಕೊಂಡು ರಸ್ತೆ ದಾಟಿಸ್ತಿದ್ನಂತೆ. ಬೆಂಚಲ್ಲಿ ಕೂತು ಐಸ್‌ಕ್ರೀಮ್ ತಿಂದು ಅಂಗಿ ಮೇಲೆ ಚೆಲ್ಕೊಂಡ್ನಂತೆ, ಇವಳು ಒರೆಸೋಕೆ ಹೋದ್ರೆ, ಇರ್ಲಿ ಬಿಡು, ನಾವೇನು ಹೊಲಕ್ಕೆ ಹೋಗ್ಬೇಕಾ ಅಂದ್ನಂತೆ." ನೆಲ್ಲಿ ಅವನ ಕಡೆ ತಿರುಗಿದಳು. ಅವಳ ಕಣ್ಣು ತುಂಬಿತ್ತು. "ಅಲ್ಲಯ್ಯಾ, ಇಷ್ಟು ವರ್ಷ ಆ ಗಂಡಸನ್ನ ಎಲ್ಲಿ ಬಚ್ಚಿಟ್ಟಿದ್ದೆ ನೀನು?"

ಕೂತವರೆಲ್ಲ ನಕ್ಕರು. ವಾಲ್ಟರ್ ಅವನ ಬೆನ್ನು ತಟ್ಟಿದ. ಪಕ್ಕದಲ್ಲಿ ಲೆಸ್ಯಾ ನಗುತ್ತಲೂ ಅಳುತ್ತಲೂ ಇದ್ದಳು. ಮೇಜಿನ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಅವನು ನಗಲು ನೋಡಿದ. ಸ್ಟೆಫಾ ಅವನ ಎದೆಯ ಮಟ್ಟಕ್ಕೆ ಬರುತ್ತಿದ್ದಳು. ಅಷ್ಟು ಕುಳ್ಳಿಗೆ ಎತ್ತರದವನ ನೆತ್ತಿ ಹೇಗೆ ಕಂಡಿತು ಎಂದು ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

* * *

ಹಡಗಿನಲ್ಲಿ ಅವನಿಗೇನೂ ತೊಂದರೆಯಾಗಿರಲಿಲ್ಲ. ಸುತ್ತಲೂ ಬೇಲಿಯ ಹಾಗೆ ಕಂಬಿ ಇತ್ತು, ಊಟಕ್ಕೆ ಗಂಟೆ ಇತ್ತು, ದಾರಿ ತಪ್ಪಿದರೂ ಹಡಗಿನೊಳಗೇ ತಪ್ಪಬೇಕು. ಮದುವೆಯಾಗಿ ನಲವತ್ತು ವರ್ಷವಾಯಿತೆಂದು ಲೆಸ್ಯಾ ಕಳಿಸಿದ ಪ್ರಯಾಣ ಅದು. ಹಡಗು ಇಳಿದ ತಕ್ಷಣ ಊರಿಗೆ ಓಡಬೇಡಿ, ಮೂರು ದಿನ ನಗರ ನೋಡಿ ಎಂದು ಹೋಟೆಲನ್ನೂ ಅವಳೇ ಹಿಡಿದಿದ್ದಳು. ನಗರದಲ್ಲಿ ನಡೆಯಲೆಂದು ಅಮ್ಮನಿಗೆ ಬಿಳಿಯ ಶೂ ಕೂಡ ಕಳಿಸಿದ್ದಳು. ಹಡಗಿನ ಅಟ್ಟದ ಮೇಲೆ ಹಾಕಿದರೆ ಕೊಳೆಯಾಗುತ್ತದೆಂದು ಸ್ಟೆಫಾ ಅದನ್ನು ಪೆಟ್ಟಿಗೆಯಿಂದ ತೆಗೆದಿರಲಿಲ್ಲ.

ಮೊದಲ ದಿನ ಸಾಮಾನು ಹೋಟೆಲಿನಲ್ಲಿಟ್ಟು, ಹಳೆಯ ಚಪ್ಪಲಿಯಲ್ಲೇ ಸಮುದ್ರದ ಕಡೆ ಹೊರಟರು. ಮುಂದೆ ಅಗಲದ ರಸ್ತೆ. ಊರಿನಲ್ಲಿ ಮಾಡುವಂತೆ ಒರೆಸ್ಟ್ ಎರಡೂ ಕಡೆ ನೋಡಿ ಕಾಲಿಟ್ಟ. ಒಂದು ಕಾರು ಕಿರುಚಿ ಅವನ ಮೊಣಕಾಲಿಗೆ ಗೇಣಿನಷ್ಟು ದೂರದಲ್ಲಿ ನಿಂತಿತು. ಹಿಂದಕ್ಕೆ ಹೋಗಬೇಕೋ ಮುಂದಕ್ಕೋ ತಿಳಿಯದೆ ಅವನು ನಡುರಸ್ತೆಯಲ್ಲಿ ನಿಂತ. ಕಾರಿನವನು ತಲೆ ಹೊರಗೆ ಹಾಕಿ, "ಸಾಯೋಕೆ ಬೇರೆ ಜಾಗ ಇಲ್ವೇನೋ ಮುದುಕ," ಎಂದ. ಸಾಲಾಗಿ ಹಾರನ್ನುಗಳು. ಯಾರೋ ಹುಡುಗಿ ಓಡಿಬಂದು, "ಬನ್ನಿ ತಾತ, ಬನ್ನಿ," ಎಂದು ತೋಳು ಹಿಡಿದು ಅವನನ್ನು ಹೊರಟ ಕಡೆಗೇ ತಂದು ಬಿಟ್ಟಳು. ಅಲ್ಲಿ ಸ್ಟೆಫಾ ಕೈಚೀಲ ಎದೆಗೊತ್ತಿಕೊಂಡು ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು.

ಕಾಲು ನೋಯುತ್ತಿದೆ ಎಂದ. ನಾಲ್ಕನೇ ಅಂತಸ್ತಿನ ಕೋಣೆಗೆ ಹೋಗಿ ಹಾಸಿಗೆಯ ಮೇಲೆ ಕಾಲು ಚಾಚಿದವನು ತಿಂಡಿ ಊಟಕ್ಕೆ ಹೋಟೆಲಿನ ಕೆಳಗಿನವರೆಗೆ ಇಳಿದದ್ದು ಬಿಟ್ಟರೆ ಹೊರಗೆ ಹೆಜ್ಜೆ ಇಡಲಿಲ್ಲ. ಎರಡನೆಯ ದಿನ ಸ್ಟೆಫಾ ಶೂವಿನ ಪೆಟ್ಟಿಗೆ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು. "ನಿಂಗೆ ಬೇಕಿದ್ರೆ ಹೋಗು," ಎಂದ ಅವನು. ಆ ಮಾತನ್ನು ಅವನು ಹೇಗೆ ಹೇಳಿದನೆಂದರೆ ಅವಳು ಪೆಟ್ಟಿಗೆಯ ಮುಚ್ಚಳ ಹಾಕಿದಳು.

ಕುರ್ಚಿಯನ್ನು ಸಮುದ್ರದ ಕಡೆಯ ಕಿಟಕಿಗೆ ಎಳೆದುಕೊಂಡಳು. ಅಲ್ಲಿಂದಲೇ ಒಂದೊಂದಾಗಿ ಹೇಳುತ್ತಿದ್ದಳು: ವಿಮಾನ ಬಂತು, ನಾಯಿಯವನು ಬಂದ, ಪುಟ್ಟ ಹುಡುಗಿಯ ಐಸ್‌ಕ್ರೀಮ್ ಬಿದ್ದುಹೋಯಿತು, ಪಾಪ. ಅವನು ಟಿವಿಯಲ್ಲಿ ಹವಾಮಾನ ನೋಡುತ್ತಿದ್ದ. ಕೊನೆಯ ದಿನ ಮಧ್ಯಾಹ್ನ ಅವಳು ಕಿಟಕಿಯಿಂದ ತಿರುಗದೆ ಹೇಳಿದಳು:

"ಆ ದೀಪದ ಕಂಬದ ಪಕ್ಕದ ಬೆಂಚು ಖಾಲಿಯಾಯ್ತು, ಒರೆಸ್ಟ್. ಈಗ ಹೋದ್ರೆ ಸಿಗತ್ತೆ."

ಊರಿನ ಕಡೆ ಆಲಿಕಲ್ಲು ಬೀಳುವ ಹಾಗಿದೆ, ಬಾರ್ಲಿ ಇನ್ನೂ ಹೊಲದಲ್ಲೇ ಇದೆ ಎಂದು ಅವನು ಟಿವಿಯ ಸದ್ದು ಜಾಸ್ತಿ ಮಾಡಿದ. ಎದ್ದು ನೋಡಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳು, "ಯಾರೋ ಬಂದು ಕೂತ್ರು," ಎಂದಳು.

ಊರಿಗೆ ಬಂದ ಮೇಲೆ ಅವಳು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಮರೆತಳೆಂದುಕೊಂಡಿದ್ದ. ಹೆಂಗಸರು ಕಡುಬು ಮಾಡುವ ಅಡುಗೆಮನೆಗೆ ಗಂಡಸರು ಕಾಲಿಡುವ ಪದ್ಧತಿ ಇರಲಿಲ್ಲ. ಭಾನುವಾರ ಸಂಜೆ ಲೆಸ್ಯಾ ಫೋನು ಮಾಡಿದಾಗ ಅವನು ಕೊಟ್ಟಿಗೆಯಲ್ಲಿರುತ್ತಿದ್ದ.

* * *

ಮನೆಗೆ ಬರುವಾಗ ಲೆಸ್ಯಾ ಗಾಡಿ ಓಡಿಸಿದಳು. ಕೊಯ್ಲು ಮುಗಿದ ಹೊಲಗಳು ದಾರಿಯ ಎರಡೂ ಕಡೆ ಬೋಳಾಗಿ ಮಲಗಿದ್ದವು.

"ಒಂದು ವಿಷಯ ಹೇಳ್ತೀನಿ ಅಪ್ಪ, ಬೇಜಾರು ಮಾಡ್ಕೋಬೇಡ," ಎಂದಳು.

ಅವಳು ಹೇಳಿದ್ದು ಅವನಿಗೆ ಅರ್ಧ ಗೊತ್ತಿದ್ದದ್ದೇ. ಅಮ್ಮನನ್ನು ಈ ಜಮೀನಿಗೆ ಗೊಬ್ಬರ ಮಾಡಿಬಿಟ್ಟೆ ಎಂದು ಅವನ ಮುಖಕ್ಕೇ ಹೇಳಿ ಒಂದು ಕ್ರಿಸ್‌ಮಸ್ಸಿನ ದಿನ ಊಟದ ಮೇಜಿನಿಂದ ಎದ್ದು ಹೋದವಳು ಒಂಬತ್ತು ವರ್ಷ ತಾನಿದ್ದ ವಿನಿಪೆಗ್‌ನಿಂದ ಇತ್ತ ಬಂದಿರಲಿಲ್ಲ. ಆ ಹಡಗಿನ ಪ್ರಯಾಣ ಅಮ್ಮನಿಗೆ ಕೊಟ್ಟದ್ದು. ಅವನನ್ನು ಸೇರಿಸಿದ್ದು ಅಮ್ಮ ಒಬ್ಬಳೇ ಹೋಗುವುದಿಲ್ಲವೆಂದು. ಗೊತ್ತಿಲ್ಲದ ಅರ್ಧವನ್ನು ಅವಳು ಈಗ ಹೇಳಿದಳು.

"ಅಮ್ಮ ಬೆಂಚಿನ ಕತೆ ಹೇಳಿದಾಗ ನಾನು ನಂಬಲಿಲ್ಲ. ಅಪ್ಪನಾ, ಅಂದೆ. ನೀನು ಅವನನ್ನ ಊರಲ್ಲಿ ಮಾತ್ರ ನೋಡಿದೀಯ ಕಣೇ ಅಂದ್ಲು." ಲೆಸ್ಯಾ ಸ್ಟೀರಿಂಗಿನ ಮೇಲೆ ಕೈ ಬದಲಿಸಿದಳು. "ಆ ವರ್ಷ ಕ್ರಿಸ್‌ಮಸ್ಸಿಗೆ ನಾನು ಬಂದೆನಲ್ಲ, ಅದಕ್ಕೇ ಬಂದದ್ದು. ಇಲ್ದಿದ್ರೆ ಬರ್ತಿರ್ಲಿಲ್ಲ. ಇವತ್ತು ಮಣ್ಣಿಗೂ ಬಂದು ಹಾಗೇ ಹೊರಟುಬಿಡ್ತಿದ್ದೆ."

ಒರೆಸ್ಟ್ ಕಿಟಕಿಯ ಕಡೆ ಮುಖ ಮಾಡಿಕೊಂಡ. ಆ ಕ್ರಿಸ್‌ಮಸ್ಸಿಗೆ ಅವಳು ಹೇಳದೆ ಕೇಳದೆ ಬಂದು ಬಾಗಿಲಲ್ಲಿ ನಿಂತದ್ದು, ಅವನಿಗೆ ಉಣ್ಣೆಯ ಟೋಪಿ ತಂದದ್ದು ನೆನಪಾಯಿತು. ಯಾಕೆ ಬಂದಳೆಂದು ಅವನು ಕೇಳಿರಲಿಲ್ಲ. ಕೇಳಿದರೆ ಹೊರಟುಹೋಗುತ್ತಾಳೆಂಬ ಭಯ.

ಆ ಊರಿನಲ್ಲಿ ಬೆಂಚಿಗೆ ಸತ್ತವರ ಹೆಸರಿನ ಫಲಕ ಹಾಕಿಸಬಹುದಂತೆ, ವಸಂತದಲ್ಲಿ ಇಬ್ಬರೂ ಹೋಗೋಣ ಎಂದಳು ಲೆಸ್ಯಾ. ಅಮ್ಮನ ಆ ಬಿಳಿ ಶೂ ತನಗೆ ಬೇಕು, ಇಬ್ಬರದೂ ಒಂದೇ ಅಳತೆ. ನಡೆದು ನಡೆದು ಹಿಮ್ಮಡಿಯೇ ಸವೆದುಹೋಯಿತು ಎಂದು ಅಮ್ಮ ಹೇಳುತ್ತಿದ್ದಳು. ಅದನ್ನೇ ಹಾಕಿಕೊಂಡು ಆ ದಂಡೆಯ ಮೇಲೆ ನಡೆಯಬೇಕು.

"ಲೆಸ್ಯಾ," ಎಂದ ಒರೆಸ್ಟ್.

"ಏನಪ್ಪ?"

ಗಾಡಿಯ ಚಕ್ರದಡಿಯಲ್ಲಿ ಜಲ್ಲಿ ಚಟಪಟ ಸದ್ದು ಮಾಡುತ್ತಿತ್ತು.

"ಆ ಬೆಂಚು..."

"ಹಾಂ, ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ. ಅಲ್ಲಿ ಸಾಲಾಗಿ ಎಷ್ಟೋ ಬೆಂಚು ಇರತ್ತೆ. ನೀವು ಕೂತ್ಕೋತಿದ್ದದ್ದು ಯಾವುದು ಅಂತ ಗುರುತು ಸಿಗತ್ತಾ ನಿಂಗೆ?"

ಅವಳು ರಸ್ತೆ ಬಿಟ್ಟು ಒಂದು ಕ್ಷಣ ಅವನನ್ನು ನೋಡಿದಳು. ಅತ್ತು ಊದಿದ ಆ ಮುಖದಲ್ಲಿ ಅವನು ಎಷ್ಟೋ ಕಾಲದಿಂದ ನೋಡದಿದ್ದ ಏನೋ ಇತ್ತು. ಚಿಕ್ಕವಳಿದ್ದಾಗ ಟ್ರ್ಯಾಕ್ಟರಿನ ಮೇಲೆ ಕೂರಿಸಿಕೋ ಎಂದು ಕೈ ಚಾಚುತ್ತಿದ್ದಾಗ ಇರುತ್ತಿದ್ದದ್ದು.

"ದೀಪದ ಕಂಬದ ಪಕ್ಕದ್ದು," ಎಂದ ಒರೆಸ್ಟ್.

* * *

ಮನೆ ಸೇರಿದ ಮೇಲೆ ಲೆಸ್ಯಾ ನಾಳೆಯಿಂದ ಅಮ್ಮನ ಬಟ್ಟೆಬರೆ ನೋಡುತ್ತೇನೆ, ಶೂ ಮಾತ್ರ ಇವತ್ತೇ ತೆಗೆದಿಡು ಅಪ್ಪ ಎಂದು ಹೇಳಿ ಸ್ನಾನಕ್ಕೆ ಹೋದಳು. ನೀರು ಬಿಟ್ಟ ಸದ್ದು ಕೇಳಿಸಿತು.

ಪೆಟ್ಟಿಗೆ ಬೀರುವಿನ ಮೇಲಿನ ಖಾನೆಯಲ್ಲಿ, ಚಳಿಗಾಲದ ಹೊದಿಕೆಗಳ ಹಿಂದೆ ಇತ್ತು. ಅವನು ಹಾಸಿಗೆಯ ಮೇಲೆ ಕೂತು ಮುಚ್ಚಳ ತೆಗೆದ. ಅಂಗಡಿಯವರು ಒಳಗೆ ತುರುಕಿದ್ದ ತೆಳುಕಾಗದ ಹಾಗೇ ಇತ್ತು. ಲಾಡಿಯನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ತಿರುಗಿಸಿ ನೋಡಿದ. ಅಟ್ಟೆ ಹಾಲಿನಂತೆ ಬೆಳ್ಳಗಿತ್ತು.

ಕಾಗದವನ್ನು ತೆಗೆದು ಒಲೆಗೆ ಹಾಕಿದ. ಶೂ ಎರಡನ್ನೂ ಕೋಟಿನ ಒಳಗಿಟ್ಟುಕೊಂಡು ಹಿತ್ತಲ ಬಾಗಿಲಿನಿಂದ ಹೊರಗೆ ಬಂದ. ಹೊತ್ತು ಕಂತುವುದಕ್ಕೆ ಇನ್ನೂ ಸ್ವಲ್ಪ ಇತ್ತು. ಕಾಳಿನ ಕಣಜಗಳ ನೆರಳು ಅಂಗಳದ ಉದ್ದಕ್ಕೂ ಬಿದ್ದಿತ್ತು. ಅರ್ಧ ಕಿತ್ತ ಕ್ಯಾರೆಟ್ಟಿನ ಸಾಲನ್ನು ದಾಟಿ ಜಲ್ಲಿದಾರಿಯ ತುದಿಗೆ ಹೋಗಿ, ಹೂಳುವಾಗ ಹಾಕಿದ್ದ ಕರಿಯ ಪ್ಯಾಂಟಿನಲ್ಲೇ ಮೊಣಕಾಲೂರಿದ. ಎಡಗೈಯನ್ನು ಎಡಶೂವಿನ ಒಳಗೆ, ಬಲಗೈಯನ್ನು ಬಲಶೂವಿನ ಒಳಗೆ ತೂರಿಸಿದ.

ಮೊದಲ ಹೆಜ್ಜೆ ಮೆಲ್ಲಗೆ ಊರಿದ. ಆಮೇಲೆ ಒತ್ತಿ. ಜಲ್ಲಿ ಕರಕರ ಎಂದಿತು. ಸ್ಟೆಫಾ ಎಡಗಾಲನ್ನು ಸ್ವಲ್ಪ ಹೊರಕ್ಕೆ ಎಳೆದು ನಡೆಯುತ್ತಿದ್ದಳು, ಅವಳ ಎಲ್ಲ ಚಪ್ಪಲಿಗಳೂ ಎಡದ ಹಿಮ್ಮಡಿಯ ಹೊರಗಂಚಿನಲ್ಲೇ ಮೊದಲು ಸವೆಯುತ್ತಿದ್ದವು. ಅವನು ಎಡಗೈಯನ್ನು ಅಷ್ಟೇ ಓರೆ ಮಾಡಿ ಊರಿ, ಎಳೆದ. ಬಲ. ಎಡ. ಬಲ. ಕೊಟ್ಟಿಗೆಯ ಹತ್ತಿರ ನಿಂತು ಅಟ್ಟೆ ತಿರುಗಿಸಿ ನೋಡಿದ, ಸವೆದದ್ದು ಸಾಲದೆನ್ನಿಸಿತು. ಸ್ನಾನದ ಮನೆಯ ಕಿಟಕಿಯಲ್ಲಿ ದೀಪ ಹತ್ತಿಕೊಂಡಿತ್ತು. ನೀರಿನ ಸದ್ದು ಇನ್ನೂ ನಿಂತಿರಲಿಲ್ಲ.

ಅವನು ಮತ್ತೆ ಹೊರಟ. ಹಿಂದೆ ಧೂಳಿನ ಮೇಲೆ ಪುಟ್ಟ ಹೆಂಗಸಿನ ಹೆಜ್ಜೆಗಳು ಹಿತ್ತಲ ಬಾಗಿಲಿನ ಕಡೆಯಿಂದ ಹೊರಟು, ಅವಸರವಿಲ್ಲದೆ, ಗೇಟು ದಾಟಿ ರಸ್ತೆಯ ಕಡೆಗೆ ಹೋಗುತ್ತಿದ್ದವು. ಅವುಗಳ ಹಿಂದೆಯೇ, ಎಳೆದ ಎರಡು ಮೊಣಕಾಲಿನ ಗೆರೆ.