ನೀರು ಏರಿದಷ್ಟು ಎತ್ತರ

ಅಣ್ಣನ ಉಗುರಿನ ಸಂದಿಯಲ್ಲಿ ಯಾವಾಗಲೂ ಗ್ರೀಸಿನ ಕಪ್ಪು ಇರುತ್ತಿತ್ತು. ಆ ಸಂಜೆ ಊಟಕ್ಕೆ ಕೂತಾಗ ಕೆಂಪು ಇತ್ತು. ಗಾಯವೇನೋ ಎಂದುಕೊಂಡು ಕೈ ಹಿಡಿದು ನೋಡಿದೆ. ಬಣ್ಣ.

"ಪಂಪಿಗೆ ಬಣ್ಣ ಬಳಿದ್ಯಾ?" ಎಂದೆ.

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಸುಮ್ಮನಿರು ಎಂದು ಅತ್ತಿಗೆ ಕಣ್ಸನ್ನೆ ಮಾಡಿದಳು. ಸುಮ್ಮನಿರುವುದು ನನಗೆ ಬರುವುದಿಲ್ಲ, ಅದು ಅವಳಿಗೂ ಗೊತ್ತು.

ನಾವಿಬ್ಬರೂ ಒಂದೇ ಬಟ್ಟೆ ಕಾರ್ಖಾನೆಯಲ್ಲಿ ದುಡಿಯುವವರು. ಅಣ್ಣ ಕೆಳಗೆ, ಮೆಟ್ಟಿಲ ಬುಡದ ಪಂಪ್ ಮನೆಯಲ್ಲಿ ಫಿಟ್ಟರ್. ಹೆಂಗಸರೆಲ್ಲ ಅವನನ್ನು ಪಂಪಣ್ಣ ಎನ್ನುತ್ತಾರೆ. ನಾನು ಮೂರನೇ ಮಹಡಿಯಲ್ಲಿ ಅಂಗಿಗೆ ಕಾಲರ್ ಹೊಲಿಯುವವಳು. ನಮ್ಮ ಕಿಟಕಿಗಳಿಗೆಲ್ಲ ಸರಳು. ಮೆಷಿನ್ನುಗಳ ನಡುವೆ ಬಟ್ಟೆಯ ರಾಶಿ, ಕಾಲಿಟ್ಟಲ್ಲಿ ಚೂರು, ಉಸಿರೆಳೆದರೆ ನೂಲಿನ ಧೂಳು. ಮುಂದಿನ ಮೆಟ್ಟಿಲಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು. ಹಿಂದೆ ಇನ್ನೊಂದು ಬಾಗಿಲಿದೆ. ಅದಕ್ಕೆ ಒಳಗಿನಿಂದಲೇ ಬೀಗ, ಕೀಲಿ ಗಾರ್ಡಿನ ಹತ್ತಿರ. ಅಲ್ಲಿಂದ ನಾವು ಅಂಗಿ ಕದ್ದು ಸಾಗಿಸುತ್ತೇವಂತೆ. ದಿನವಿಡೀ ಹೊಲಿದು ಅಂಗಿ ಕಂಡರೆ ವಾಕರಿಕೆ ಬರುವ ನಮಗೆ ಅದನ್ನು ಕದಿಯುವ ಆಸೆ ಬೇರೆ.

ಬೆಂಕಿ ಬಿದ್ದರೆ ಅಷ್ಟು ಎತ್ತರಕ್ಕೆ ನೀರು ಏರಿಸಲು ಇರುವುದು ಅದೊಂದೇ ಪಂಪು. ಬೇರೆ ಯಾವುದಕ್ಕೂ ಅದನ್ನು ಮುಟ್ಟಬಾರದು. ಆದರೆ ಮ್ಯಾನೇಜರು ವರ್ಷಗಟ್ಟಲೆ ಅದರಿಂದಲೇ ಬಟ್ಟೆ ತೊಳೆಯುವ ವಿಭಾಗಕ್ಕೆ ನೀರು ಎತ್ತಿಸಿದರು. ತೊಟ್ಟಿಯ ತಳದ ಮರಳು ನೀರು. ಇನ್ನೊಂದು ಪಂಪು ಕೊಳ್ಳುವ ಖರ್ಚು ಉಳಿಯಿತಲ್ಲ. ಅದು ನರಳತೊಡಗಿದ ಮೇಲೆ, ಬೆಂಕಿ ವ್ಯವಸ್ಥೆಯ ತಪಾಸಣೆಯೂ ಹತ್ತಿರ ಬಂದ ಮೇಲೆ, "ಬಿಚ್ಚಿ ಸರಿ ಮಾಡು" ಎಂದು ಅಣ್ಣನಿಗೆ ಹೇಳಿದರು.

"ಒಳಗೆ ಏನಾಗಿತ್ತು?" ಎಂದು ಕೇಳಿದೆ.

"ಏನು ಉಳಿದಿತ್ತು ಅಂತ ಕೇಳು. ನೀರನ್ನ ಎಸೆಯೋ ಚಕ್ರ ಇರುತ್ತಲ್ಲ, ಇಂಪೆಲ್ಲರ್ರು, ಇಲಿ ಕಡಿದ ಬಟ್ಟೆ ಥರ ಆಗಿದೆ. ಅದರ ಸುತ್ತ ಕೂರೋ ಉಂಗುರಗಳು ಸವೆದು ಲೊಡಲೊಡ ಅಂತಿವೆ. ಬೇರಿಂಗ್ ಬದಲಾಯಿಸ್ದೆ. ಚಕ್ರ, ಉಂಗುರ ಹೊಸದು ತರಿಸಿ ಅಂದೆ. ಬಣ್ಣದ ಡಬ್ಬ ತಂದುಕೊಟ್ರು."

"ನೀನು ಬಳಿದೆ."

"ನಾನು ಬಳೀದಿದ್ರೆ ಇನ್ನೊಬ್ಬ ನನ್ನ ಜಾಗಕ್ಕೆ ಬಂದು ಬಳೀತಿದ್ದ."

"ಮೇಲೆ ನಾನಿದ್ದೀನಿ ಕಣೋ ಅಣ್ಣ."

ಅವನು ಜೇಬಿಗೆ ಕೈ ಹಾಕಿ ಒಂದು ಕೀಲಿ ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟ. "ನಿಮ್ಮ ಹಿಂಬಾಗಿಲಿನ ಬೀಗದ್ದು. ಗಾರ್ಡಿನ ಕೀಲಿ ನೋಡ್ಕೊಂಡು ನಾನೇ ಅರದಲ್ಲಿ ಉಜ್ಜಿ ಮಾಡ್ದೆ. ಹೊಗೆ ಕಂಡ್ರೆ ಯಾರನ್ನೂ ಕಾಯಬೇಡ. ನೀನು ಹೊರಗೆ ಬಂದುಬಿಡು."

ಅತ್ತಿಗೆ ಆ ಕಡೆ ಮುಖ ಮಾಡಿಕೊಂಡಳು. ಅಣ್ಣನ ಮೇಲೆ ನನಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ಅಳುವೂ ಬಂತು. ತಂಗಿಯ ಜೀವ ಉಳಿಸಲು ಅವನ ಕೈಲಾದದ್ದು ಅಷ್ಟೇ ಆಗಿತ್ತು.

ಮರುದಿನ ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಹೋದೆ. ನನ್ನ ಎಡಕ್ಕೆ ಗುಂಡಿ ಅಕ್ಕ ಕೂರುತ್ತಾಳೆ. ಅಂಗಿಗೆ ಗುಂಡಿ ಹಚ್ಚಿ ಹಚ್ಚಿ ಕಣ್ಣು ಹೋಯಿತು, ಕೂತು ಕೂತು ಮಂಡಿ ಹೋಯಿತು, ಬಾಯಿ ಮಾತ್ರ ಗಟ್ಟಿಯಾಗಿದೆ. ಬಲಕ್ಕೆ ಒಬ್ಬಳು ತುಂಬಿದ ಬಸುರಿ, ಹೊಟ್ಟೆ ಮೆಷಿನ್ನಿಗೆ ತಾಗುತ್ತಿತ್ತು. 'ಯಾರನ್ನೂ ಕಾಯಬೇಡ' ಎಂದ ಅಣ್ಣನ ಮಾತು ಕಿವಿಯಲ್ಲೇ ಕೂತಿತ್ತು. ಹೊಲಿಗೆ ಸೊಟ್ಟಗಾಯಿತು, ಮೇಸ್ತ್ರಿಯಿಂದ ಬೈಸಿಕೊಂಡೆ. ಊಟದ ಹೊತ್ತಿಗೆ ತಡೆಯಲಾಗಲಿಲ್ಲ. ಕೀಲಿ ತೆಗೆದು ಎಲ್ಲರ ಮುಂದೆ ಇಟ್ಟು, ಪಂಪಿನ ಕಥೆ ಪೂರ್ತಿ ಹೇಳಿದೆ.

"ಪಂಪಣ್ಣ ಇದನ್ನ ನಿನಗೊಬ್ಬಳಿಗೇ ಮಾಡಿಕೊಟ್ನಾ?" ಎಂದಳು ಗುಂಡಿ ಅಕ್ಕ.

"ಹೂಂ." ನನಗೆ ತಲೆ ಎತ್ತಲಾಗಲಿಲ್ಲ.

"ಒಡಹುಟ್ಟಿದವನು, ಮಾಡ್ತಾನೆ. ಕೊರಳಿಗೆ ಹಾಕ್ಕೋ, ಕಳೀಬೇಡ. ಆದ್ರೆ ನನ್ನ ಮಂಡಿಗೆ ಕೀಲಿಯಿಂದ ಏನೂ ಉಪಯೋಗ ಇಲ್ಲ ಕಣೆ. ಮೇಲೆ ನೀರು ಬಂದ್ರೇನೇ ನಾನು ಉಳಿಯೋದು."

ಆಮೇಲೆ ಎಲ್ಲರೂ ಸೇರಿ ಏನು ಮಾಡಬೇಕೆಂದು ಮಾತಾಡಿಕೊಂಡೆವು.

ತಪಾಸಣೆಯ ದಿನ, ಬೆಂಕಿ ಬಿದ್ದಾಗ ಇಳಿಯುವ ಅಭ್ಯಾಸವೆಂದು ನಮ್ಮನ್ನೆಲ್ಲ ಅಂಗಳಕ್ಕೆ ಇಳಿಸಿ ಸಾಲಾಗಿ ನಿಲ್ಲಿಸಿದರು. ಪಂಪ್ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಪಂಪು ಮದುಮಗಳ ಹಾಗೆ ಕೆಂಪಗೆ ಕೂತಿತ್ತು. ಪಕ್ಕದಲ್ಲಿ ಒಗೆದ ಅಂಗಿ ತೊಟ್ಟ ಅಣ್ಣ.

"ವಾಲ್ವ್ ಮುಚ್ಚಿದೆ ತಾನೆ? ಹಾಗೇ ಇರ್ಲಿ, ಸ್ಟಾರ್ಟ್ ಮಾಡಪ್ಪ," ಎಂದರು ತಪಾಸಣೆಯ ಸಾಹೇಬರು.

ಪಂಪು ಗುಂಯ್‌ಗುಟ್ಟಿತು. ಒತ್ತಡ ತೋರಿಸುವ ಮುಳ್ಳು ಏರಿ ಹಸಿರು ಗೆರೆಯ ಹತ್ತಿರ ನಿಂತಿತು. ನೀರಿಗೆ ಹೊರಹೋಗಲು ದಾರಿ ಕೊಡದಿದ್ದರೆ ಸವೆದ ಪಂಪಿನ ಮುಳ್ಳೂ ಏರುತ್ತದೆ. ಇದು ಅಣ್ಣನಿಗೆ ಗೊತ್ತು, ಮ್ಯಾನೇಜರಿಗೆ ಗೊತ್ತು, ಸಾಹೇಬರಿಗೆ ಇವರಿಬ್ಬರಿಗಿಂತ ಚೆನ್ನಾಗಿ ಗೊತ್ತು.

"ಫಸ್ಟ್ ಕ್ಲಾಸ್," ಎಂದು ಸಾಹೇಬರು ಪೆನ್ನು ತೆಗೆದರು.

ನಾನು ಸಾಲು ಬಿಟ್ಟು ಗೋಡೆಯ ಪೆಟ್ಟಿಗೆಯಿಂದ ನೀರಿನ ಪೈಪು ಎಳೆದೆ. ಗುಂಡಿ ಅಕ್ಕ ಕುಂಟುತ್ತಾ ಬಂದು ಅದರ ಮೂತಿ ಹಿಡಿದಳು. ಉಳಿದವರು ನಡುವೆ ಉದ್ದಕ್ಕೂ ಹಿಡಿದರು.

"ಒಂದ್ಸಲ ನೀರು ಬಿಡಿಸಿ ಸಾರ್," ಎಂದೆ. "ನಮ್ಮ ಕಿಟಕಿಗೆ ಬರುತ್ತಾ ನೋಡ್ತೀವಿ."

"ಅದು ನಿಮ್ಮ ಕೆಲಸ ಅಲ್ಲ. ಸಾಲಿಗೆ ಹೋಗಿ," ಎಂದರು ಮ್ಯಾನೇಜರು.

"ಮೇಲೆ ಬೇಯೋದು ಮಾತ್ರ ನಮ್ಮ ಕೆಲಸಾನಾ?" ಎಂದಳು ಗುಂಡಿ ಅಕ್ಕ.

ಮ್ಯಾನೇಜರು ಅಣ್ಣನ ಕಡೆ ತಿರುಗಿ, "ಆಫ್ ಮಾಡೋ," ಎಂದು ಗದರಿದರು. ಅಣ್ಣನ ಕೈ ಸ್ವಿಚ್ಚಿನ ಮೇಲೇ ಇತ್ತು. ಅವನು ನನ್ನನ್ನು ನೋಡಿದ. ಬಸುರಿಯೂ ಪೈಪು ಹಿಡಿದು ನಿಂತದ್ದನ್ನು ನೋಡಿದ. ಸ್ವಿಚ್ಚು ಬಿಟ್ಟು ವಾಲ್ವಿನ ಚಕ್ರಕ್ಕೆ ಕೈ ಹಾಕಿ ತಿರುಗಿಸಿದ.

ಮುಳ್ಳು ಸರ್ರನೆ ಕೆಳಗಿಳಿಯಿತು. ಗುಂಡಿ ಅಕ್ಕ ಮೂತಿಯನ್ನು ಮೂರನೇ ಮಹಡಿಗೆ ಗುರಿಯಿಟ್ಟಳು. ನೀರು ನೆಲದ ಅಂತಸ್ತಿನ ಕಿಟಕಿಯ ಕಟ್ಟೆಯವರೆಗೆ ಮಾತ್ರ ಏರಿತು. ಅಲ್ಲಿಂದ ಗೋಡೆ ಒದ್ದೆ ಮಾಡುತ್ತಾ ಇಳಿದು ನಮ್ಮ ಕಾಲಿಗೇ ಬಂತು. ಯಾರೋ ನಕ್ಕರು. ಆಮೇಲೆ ಎಲ್ಲರೂ ಮೇಲಿನ ಕಿಟಕಿಯ ಸರಳುಗಳನ್ನು ನೋಡಿದೆವು, ನಗು ನಿಂತಿತು.

ಮ್ಯಾನೇಜರು ತಾವೇ ನುಗ್ಗಿ ಪಂಪು ನಿಲ್ಲಿಸಿದರು. "ಇವನೇ ಕೆಡಿಸಿದ್ದು ಸಾರ್. ನಾಳೆಯಿಂದ ಇವನು ಬರೋ ಹಾಗಿಲ್ಲ."

"ಫಿಟ್ಟರಿನ ಅಜಾಗರೂಕತೆ ಅಂತ ಬರೀತೀನಿ ಬಿಡಿ," ಎಂದರು ಸಾಹೇಬರು. ಆಮೇಲೆ ದನಿ ತಗ್ಗಿಸಿ, "ಮೇಲಿನ ಹಿಂಬಾಗಿಲಿನ ಬೀಗ ಇವತ್ತಿಗಾದ್ರೂ ತೆಗೆಸ್ರೀ," ಎಂದರು. ಗಾರ್ಡ್ ಮೇಲಕ್ಕೆ ಓಡಿದ.

ಕೆಲಸಕ್ಕೆ ಮರಳಲು ಬೆಲ್ಲು ಹೊಡೆಯಿತು. ಗುಂಡಿ ಅಕ್ಕ ಒದ್ದೆ ನೆಲದಲ್ಲೇ ಕೂತಳು.

"ನೀರು ಏರಿದಷ್ಟು ಎತ್ತರಕ್ಕೆ ನಾವು ಏರ್ತೀವಿ ಸಾರ್," ಎಂದಳು. "ಅದಕ್ಕಿಂತ ಮೇಲೆ ಒಂದು ಮೆಟ್ಟಿಲೂ ಹತ್ತಲ್ಲ."

ನಾವೆಲ್ಲ ಅವಳ ಸುತ್ತ ಕೂತೆವು. ಬೆಲ್ಲು ಇನ್ನೊಂದು ಸಲ ಹೊಡೆದು ಸುಮ್ಮನಾಯಿತು.

ಗಾರ್ಡ್ ಬೀಗ ಹಿಡಿದು ಇಳಿದು ಬಂದ. "ಅದನ್ನ ಪಂಪ್ ಮನೆಗೆ ಹಾಕು," ಎಂದರು ಮ್ಯಾನೇಜರು. "ಇವನು ಒಳಗೆ ಕಾಲಿಡಬಾರದು. ನಾಳೆ ಬೇರೆಯವನು ಬಂದು ಪಂಪಿನೊಳಗಿನ ಹಳೇ ಸಾಮಾನೆಲ್ಲ ಗುಜರಿಗೆ ಹಾಕ್ತಾನೆ." ಗಾರ್ಡ್ ಬೀಗ ಜಡಿದ ಮೇಲೆ ಅವರು ಸಾಹೇಬರನ್ನು ಊಟಕ್ಕೆ ಕರೆದುಕೊಂಡು ಹೋದರು.

ಸವೆದ ಚಕ್ರ ಗುಜರಿಗೆ ಹೋದರೆ ಉಳಿಯುವುದು ಅಣ್ಣನ ತಪ್ಪು ಮಾತ್ರ. ಅವನು ಪಂಪ್ ಮನೆಯ ಗೋಡೆಗೆ ಒರಗಿ ಕೂತಿದ್ದ, ಬಣ್ಣದ ಕೈ ಮಡಿಲಲ್ಲಿಟ್ಟುಕೊಂಡು. ನಾನು ಬೀಗ ನೋಡಿದೆ. ವರ್ಷಗಟ್ಟಲೆ ನನ್ನ ಬೆನ್ನ ಹಿಂದೆ ನೇತಾಡಿದ ಬೀಗ. ಕೊರಳಿನ ದಾರ ಕಿತ್ತು ಕೀಲಿಯನ್ನು ಅಣ್ಣನ ಕೈಗಿಟ್ಟೆ.

"ಇದು ಆ ಬೀಗದ್ದೇ ಕಣೋ. ನೀನೇ ಮಾಡಿದ್ದು."

ಅವನು ಕೀಲಿಯನ್ನೂ ನನ್ನನ್ನೂ ನೋಡಿದ. ಗಾರ್ಡ್ ಬೀಡಿ ಹಚ್ಚಿಕೊಂಡು ಗೇಟಿನ ಕಡೆ ಮುಖ ಮಾಡಿ ನಿಂತ. ಅವನ ಹೆಂಡತಿ ನಮ್ಮ ಮಹಡಿಯಲ್ಲೇ ಇಸ್ತ್ರಿ ಮಾಡುತ್ತಾಳೆ.

ದೊಡ್ಡವರ ಊಟ ಬೇಗ ಮುಗಿಯುವುದಿಲ್ಲ. ಅಣ್ಣ ಬೀಗ ತೆಗೆದು ಒಳಗೆ ಹೋದ. ಮೊನ್ನೆಯಷ್ಟೇ ಬಿಗಿದ ಪಂಪಿನ ನಟ್ಟುಗಳು ಸಲೀಸಾಗಿ ಕಳಚಿದವು, ಹೊಸ ಬಣ್ಣ ಹೊಟ್ಟಿನ ಹಾಗೆ ಉದುರಿತು. ಅಣ್ಣ ಚಕ್ರವನ್ನು ಹೊರತೆಗೆದು ಮೊದಲು ಗುಂಡಿ ಅಕ್ಕನ ಮಡಿಲಿಗಿಟ್ಟ. ಅವಳು ಕಣ್ಣು ಸರಿಯಾಗಿ ಕಾಣದೆ ಬೆರಳಿನಲ್ಲಿ ಅದರ ಅಂಚು ತಡವಿದಳು, ಆಮೇಲೆ ಪಕ್ಕದವಳಿಗೆ ಕೊಟ್ಟಳು. ಕೈಯಿಂದ ಕೈಗೆ ಅದು ಗೇಟಿನವರೆಗೆ ಬಂತು. ನಾನು ಕೆಲವರ ಜೊತೆ ಅಷ್ಟರಲ್ಲೇ ಅಲ್ಲಿಗೆ ಹೋಗಿ ಕೂತಿದ್ದೆ.

ಸಾಹೇಬರು ಬಾಯಿ ಒರೆಸಿಕೊಳ್ಳುತ್ತಾ ಬಂದು ಕಾರು ಹತ್ತಿದರು. ಗೇಟಿಗೆ ಅಡ್ಡಲಾಗಿ ನಾವು ಕೂತಿದ್ದನ್ನು ಕಂಡು ಡ್ರೈವರ್ ಕಾರು ನಿಲ್ಲಿಸಿದ. ನಾನು ಎದ್ದು ಹೋಗಿ ಚಕ್ರವನ್ನು ಕಾರಿನ ಮೂತಿಯ ಮೇಲೆ ಇಟ್ಟೆ.

"ಈಗ ಬರೀರಿ ಸಾರ್," ಎಂದೆ.