ನೊಯೆಮಿಯ ಗೋಡೆ

"ಇನ್ನೂ ಸ್ವಲ್ಪ ಬಡವರ ಥರ ಕೂತ್ಕೊಳ್ಳಿ ಅಜ್ಜಿ. ಬೆನ್ನು ಅಷ್ಟು ನೆಟ್ಟಗಿದ್ರೆ ಯಾರು ನಂಬ್ತಾರೆ?" ಎಂದ ನಿರ್ದೇಶಕ ಬ್ರಾಡಿ.

ಗಡಿಯಾಚೆಯ ನನ್ನೂರು ಪ್ವೆಬ್ಲಾದ ಶಾಲೆಯಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಹೇಳಿಕೊಟ್ಟು, ನೆಟ್ಟಗೆ ಕೂರಿ ಎಂದು ಮಕ್ಕಳನ್ನು ಗದರಿದ ಬೆನ್ನು ನನ್ನದು. ಬಗ್ಗಿಸಿದೆ. ಲಾಸ್ ಏಂಜಲೀಸಿಗೆ ಬಂದ ಮೇಲೆ ಟೀವಿಯಲ್ಲಿ ಒಂಬತ್ತು ಸಲ ಮನೆಗೆಲಸದವಳಾಗಿದ್ದೇನೆ, ಎರಡು ಸಲ ಗಡಿ ದಾಟಿದ್ದೇನೆ, ಒಂದು ಸಲ ಮಾಟ ಮಾಡಿದ್ದೇನೆ. ಒಂದರಲ್ಲೂ ನನಗೆ ಹೆಸರಿರಲಿಲ್ಲ. ಈ ಸಲ ಬಡ್ತಿ: ಕೊಲೆಗಡುಕನ ತಾಯಿ.

ಚಿತ್ರೀಕರಣ ನಮ್ಮ ಬೀದಿಯಲ್ಲೇ, ಗೆಳತಿ ಓರ್ತೆನ್ಸಿಯಾಳ ಮನೆಯಲ್ಲಿ. ಹೋಟೆಲೊಂದರಲ್ಲಿ ಹಾಸಿಗೆಬಟ್ಟೆ ಒಗೆದು ಒಗೆದು ಮಗಳು ನೊಯೆಮಿಯನ್ನು ಔಷಧಶಾಸ್ತ್ರ ಓದಿಸಿದವಳು ಅವಳು. ಕೋವಿಡ್ಡಿನ ಮೊದಲ ಚಳಿಗಾಲದಲ್ಲಿ ನೊಯೆಮಿ ಔಷಧದಂಗಡಿಯ ಕೌಂಟರ್ ಬಿಟ್ಟು ಕದಲಲಿಲ್ಲ. ಜನವರಿಯಲ್ಲಿ ತೀರಿಕೊಂಡಳು. ಪದವಿಯ ದಿನದ ಕಪ್ಪು ಗೌನು, ಚೌಕದ ಟೊಪ್ಪಿ ತೊಟ್ಟ ಅವಳ ಪಟ ಸೋಫಾದ ಮೇಲಿನ ಗೋಡೆಯಲ್ಲಿತ್ತು. ನಮ್ಮವರ ಮನೆಗಳಲ್ಲಿ ಆ ಜಾಗ ಪದವಿಯ ಪಟಕ್ಕೇ ಮೀಸಲು. ಯೇಸುವೂ ಪಕ್ಕಕ್ಕೆ ಸರಿಯಬೇಕು.

ಓರ್ತೆನ್ಸಿಯಾ ಮನೆ ಬಿಟ್ಟುಕೊಟ್ಟದ್ದೇ ಆ ಪಟದ ಆಸೆಗೆ. "ನನ್ ಮಗ್ಳನ್ನ ಇಡೀ ದೇಸ ನೋಡ್ಲಿ ಬುಡಕ್ಕ," ಎಂದಿದ್ದಳು. ಪಟ ಅಲ್ಲೇ ಇರುತ್ತದೆಂದು ಟೀವಿಯವರು ಮಾತೂ ಕೊಟ್ಟಿದ್ದರು.

ಬೆಳಿಗ್ಗೆ ನೋಡಿದರೆ ಪಟ ಬಚ್ಚಲಲ್ಲಿ, ಸೋಪಿನ ಪುಡಿಯ ಡಬ್ಬದ ಪಕ್ಕ, ಗೋಡೆಗೆ ಮುಖ ಮಾಡಿ ನಿಂತಿತ್ತು. ಅದರ ಮೊಳೆಗೆ ಕುತ್ತಿಗೆ ತುಂಬ ಹಚ್ಚೆಯಿದ್ದ ಹುಡುಗನೊಬ್ಬನ ಪಟ ನೇತುಹಾಕಿದ್ದರು. ಕಥೆಯಲ್ಲಿ ಅವನೇ ನನ್ನ ಮಗನಂತೆ. ಆ ನಟ ಪಾಪ ಒಳ್ಳೆಯವನು. ಅಂಗಳದಲ್ಲಿ ತನ್ನ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟು, ಬಣ್ಣದ ಹಚ್ಚೆ ಬೆವರಿಗೆ ಕರಗಿತೆಂದು ಬೈಸಿಕೊಳ್ಳುತ್ತಿದ್ದ. ಒಳಗೆ, ಇಸ್ತ್ರಿ ಮಾಡಿದ ಪರದೆಗಳ ಮೇಲೆ ಟೀ ಚೆಲ್ಲಿ ಕಲೆ ಮಾಡಿದ್ದರು. ಪುಸ್ತಕದ ಕಪಾಟನ್ನು ಕಂಬಳಿಯಿಂದ ಮುಚ್ಚಿ ಮೇಲೆ ಹದಿನಾಲ್ಕು ಮೇಣದಬತ್ತಿ ಹಚ್ಚಿದ್ದರು.

ಪಟ ಯಾಕೆ ತೆಗೆದಿರಿ ಎಂದು ಓರ್ತೆನ್ಸಿಯಾ ಕೇಳಿದಳು, ನಾನು ಅದನ್ನು ಬ್ರಾಡಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಬ್ರಾಡಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೇ ಚೆನ್ನಾಗಿತ್ತು. ಅವಳ ಭುಜ ತಟ್ಟಿ ನಕ್ಕ.

"ಚೆಂದ ಇದಾಳೆ ನಿಮ್ಮ ಮಗಳು. ಆದ್ರೆ ಇಂಥ ಮನೇಲಿ ಗೌನು ಟೊಪ್ಪಿ ಕಂಡ್ರೆ ನೋಡೋರಿಗೆ ಗೊಂದಲ ಆಗುತ್ತೆ. ನಮಗೆ ಬೇಕಾಗಿರೋದು ನಿಜವಾದ ಮನೆ."

ಅದನ್ನು ಸ್ಪ್ಯಾನಿಷಿಗೆ ತಿರುಗಿಸುವಾಗ ನನಗೆ ನಾಚಿಕೆಯಾಯಿತು.

"ನಿಜವಾದ ಮನೆಯಂತೆ," ಎಂದಳು ಓರ್ತೆನ್ಸಿಯಾ. "ಮೂವತ್ ವರ್ಸದಿಂದ ನಾನೇನು ಇವ್ನವ್ವನ ಕನಸ್ನಾಗೆ ಬಾಳ್ತಿದ್ನಾ?" ಹೋಗಿ ಬಚ್ಚಲಲ್ಲಿ, ಸ್ನಾನದ ತೊಟ್ಟಿಯ ಅಂಚಿನ ಮೇಲೆ, ಮಗಳ ಪಕ್ಕ ಕೂತಳು.

ನನ್ನ ಸರದಿ ಬಂತು. ಕಾಗದದಲ್ಲಿ ಇದ್ದದ್ದು ಒಂದೇ ಸಾಲು: ತಾಯಿ ಸ್ಪ್ಯಾನಿಷಿನಲ್ಲಿ ಗೋಳಾಡುತ್ತಾಳೆ. ಮಾತು ಯಾವುದು ಎಂದು ಕೇಳಿದೆ.

"ಏನಾದ್ರೂ ಹೇಳಿ, ಯಾರಿಗೆ ಅರ್ಥ ಆಗುತ್ತೆ?" ಎಂದ ಬ್ರಾಡಿ. "ಅಳು ಬಂದ್ರೆ ಸಾಕು."

ದೀಪ ಹಿಡಿಯುವ ಆಳುಗಳಲ್ಲೊಬ್ಬ, ರಿಗೊ, ತನ್ನ ಜಾಕೆಟ್ಟನ್ನು ಮಡಿಸಿ ನನ್ನ ಮೊಣಕಾಲಿನಡಿ ಇಟ್ಟ. ಹಚ್ಚೆಯ ಹುಡುಗನ ಪಟದ ಮುಂದೆ ಮಂಡಿಯೂರಿದೆ. ಅಳು ತಾನಾಗಿ ಬಂತು. ಅದರ ಜೊತೆಗೆ, ಶಾಲೆಯಲ್ಲಿ ಎಂದೂ ಆಡದ ನನ್ನ ಅವ್ವನ ಮಾತೂ ಬಂತು.

"ಇವ್ನು ನನ್ ಮಗ ಅಲ್ಲ ಕಣ್ರಪ್ಪಾ. ಈ ಗ್ವಾಡೆ ನೊಯೆಮಿ ಅರೆಯಾನೊದು. ಓರ್ತೆನ್ಸಿಯಾ ಮಗ್ಳು. ನಿಮ್ಮನೇವ್ರಿಗೆಲ್ಲ ಔಸ್ದಿ ಕೊಟ್ಟು ಕೊಟ್ಟೇ ಸತ್ಳು. ಈ ಮುಂಡೇವು ಅವಳ್ನ ಬಚ್ಚಲಿಗೆ ಹಾಕವ್ರೆ. ಪರ್ದೆ ಮ್ಯಾಗಿನ ಕಲೆ ನಮ್ದಲ್ಲ, ಇವ್ರು ಚೆಲ್ಲಿದ್ ಟೀ. ನೊಯೆಮಿ ಅರೆಯಾನೊ. ಎಸ್ರು ಮರೀಬ್ಯಾಡಿ."

ಕುರ್ಚಿಯಲ್ಲಿ ಕೂತವರಿಗೆ ಒಬ್ಬರಿಗೂ ಅರ್ಥವಾಗಲಿಲ್ಲ. ದೀಪ ಹಿಡಿದು ನಿಂತ ನಮ್ಮವರಿಗೆಲ್ಲ ಅರ್ಥವಾಯಿತು. ಒಬ್ಬರೂ ಕೆಮ್ಮಲಿಲ್ಲ.

ಬ್ರಾಡಿ ಕಣ್ಣೊರೆಸಿಕೊಂಡು, ಏನಂದಳು ಎಂದು ರಿಗೊನನ್ನು ಕೇಳಿದ.

"ಮಗನ್ ನೆನ್ಸ್ಕಂಡು ಅಳ್ತಾವ್ರೆ ಸಾರ್," ಎಂದ ರಿಗೊ. "ಒಂದಕ್ಸರಾನೂ ಕತ್ತರಿಸ್ಬ್ಯಾಡಿ."

"ತಾಯಿಕರುಳು," ಎಂದು ಬ್ರಾಡಿ ಮೊದಲ ಸಲಕ್ಕೇ ಒಪ್ಪಿಬಿಟ್ಟ.

ಮಾರ್ಚ್ ತಿಂಗಳ ಒಂದು ಗುರುವಾರ ಸಂಜೆ ಅದು ಟೀವಿಯಲ್ಲಿ ಬಂತು. ಗೋಡೆಗೆ ಮರಳಿದ ನೊಯೆಮಿಯ ಕೆಳಗೆ ಕೂತು ನಾವಿಬ್ಬರೂ ನೋಡಿದೆವು. ಟೀವಿಯೊಳಗಿನ ನಾನು ಬಾಯಿ ತೆರೆದಾಗ, ಕೆಳಗೆ ಇಂಗ್ಲಿಷ್ ಅಕ್ಷರಗಳು ಮೂಡಿದವು: ಪರಭಾಷೆಯಲ್ಲಿ ಅಳು.

ಓರ್ತೆನ್ಸಿಯಾ ಎದ್ದು ಒಂದೊಂದಾಗಿ ಕಿಟಕಿಗಳನ್ನು ತೆರೆದಳು. ಎದುರು ಮನೆಯಿಂದ, ಪಕ್ಕದ ಮನೆಯಿಂದ, ಮೂಲೆಯ ಕ್ಷೌರದಂಗಡಿಯಿಂದ ಟೀವಿಗಳು ಅವಳ ಮಗಳ ಹೆಸರು ಕೂಗುತ್ತಿದ್ದವು.